ನಾನು ಕೊಳ್ಳುವ ಮುಂಚೆಯೇ ಬ್ಲ್ಯಾಕ್‌ಲಿಸ್ಟ್ ಆಗಿದ್ದ ಐಪಿ: ಒಂದು ದೂರು

ಸಾಗರ
14 ಜುಲೈ 2025

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ವಿಪಿಎಸ್ ವಿಭಾಗ, ಬೆಂಗಳೂರು

ವಿಷಯ: ಬಾಡಿಗೆ ಸರ್ವರಿಗೆ (ವಿಪಿಎಸ್) ಮಾರುವ ಮುಂಚೆಯೇ ಹೆಸರು ಕೆಟ್ಟಿದ್ದ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಕೊಟ್ಟಿರುವುದು. ಬೇರೆ ಐಪಿ, ಇಲ್ಲವೇ ರೂ. 7,375 ವಾಪಸ್ ಕೋರಿ.

ಮಾನ್ಯರೇ,

ನಿಮ್ಮ ಜಾಹೀರಾತು ನನ್ನ ಮೊಬೈಲಿಗೆ ಬಂದಿದ್ದು ಕನ್ನಡದಲ್ಲಿ. ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಟಿಕೆಟ್‌ಗಳಿಗೆ ನೀವು ಕೊಟ್ಟ ಉತ್ತರ ನೋಡಿದರೆ, ಅವನ್ನು ಯಾರಾದರೂ ಓದಿದ್ದಾರೆ ಎಂದು ಅನಿಸುವುದಿಲ್ಲ. ಇದನ್ನಾದರೂ ಒಬ್ಬರು ಪೂರ್ತಿ ಓದಲಿ.

ನಾನು ಸಾಗರದಲ್ಲಿ ಒಬ್ಬನೇ ಕೂತು ವೆಬ್‌ಸೈಟ್ ಕೆಲಸ ಮಾಡುವವನು. ತಾಳಗುಪ್ಪ, ಜೋಗದ ಕಡೆಯ ಹನ್ನೊಂದು ಹೋಮ್‌ಸ್ಟೇಗಳ ಬುಕಿಂಗ್ ನೋಡಿಕೊಳ್ಳುತ್ತೇನೆ. ಯಾರಾದರೂ ರೂಮ್ ಹಿಡಿದು ಮುಂಗಡ ಕಟ್ಟಿದರೆ ರಸೀದಿ, ಬರುವ ದಾರಿ, ಮನೆಯವರ ಫೋನ್ ನಂಬರ್ ಎಲ್ಲ ಒಂದೇ ಮೇಲ್‌ನಲ್ಲಿ ಹೋಗಬೇಕು. ಜೋಗ ತುಂಬಿ ಬೀಳುವ ಮಳೆಗಾಲವೇ ನಮಗೆ ಸೀಸನ್. ಮನೆಯಲ್ಲೇ ಸರ್ವರ್ ಇಡೋಣ ಎಂದರೆ ಇಲ್ಲಿ ಜೋರು ಮಳೆ ಹೊಡೆದರೆ ಕರೆಂಟ್ ಹೋಗುತ್ತದೆ. ಅದೂ ಅಲ್ಲದೆ ಮನೆ ಬ್ರಾಡ್‌ಬ್ಯಾಂಡ್ ಐಪಿಯಿಂದ ನೇರವಾಗಿ ಬಂದ ಮೇಲನ್ನು ದೊಡ್ಡ ಮೇಲ್ ಕಂಪನಿಗಳು ಒಳಗೆ ಬಿಡುವುದಿಲ್ಲ. ಸ್ಪ್ಯಾಮ್ ತಡೆಯಲು ಐಪಿಗಳ ತಡೆಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್‌ನವರು ಪಿಬಿಎಲ್ ಎಂಬ ಪಟ್ಟಿ ಇಟ್ಟಿರುವುದೇ ಅಂಥ ವಿಳಾಸಗಳಿಗಾಗಿ. ಅದಕ್ಕೇ ವಿಪಿಎಸ್ ಬೇಕಾಯಿತು.

ನಿಮ್ಮ ಜಾಹೀರಾತಿನಲ್ಲಿ ‘ಪೋರ್ಟ್ 25 ಓಪನ್, ಮೇಲ್ ಸರ್ವರ್‌ಗೆ ಹೇಳಿ ಮಾಡಿಸಿದ್ದು’ ಎಂದಿತ್ತು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಮೇಲ್ ಹೋಗುವ ಬಾಗಿಲೇ ಪೋರ್ಟ್ 25. ಜೂನ್ 9ರಂದು ಒಂದು ವರ್ಷಕ್ಕೆ ರೂ. 6,000, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ರೂ. 7,080 ಕಟ್ಟಿದೆ. ಕಟ್ಟುವ ಮುಂಚೆ ನಿಮ್ಮ ಚಾಟ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದೆ: ನನಗೆ ಸಿಗುವ ಐಪಿ ಯಾವುದು, ಒಮ್ಮೆ ನೋಡಬಹುದೇ? ‘ಪೇಮೆಂಟ್ ಆದ ಮೇಲೆ ಸಿಸ್ಟಮ್ ತಾನಾಗಿಯೇ ಕೊಡುತ್ತದೆ ಸರ್, ನಮ್ಮ ಎಲ್ಲಾ ಐಪಿಗಳೂ ಕ್ಲೀನ್’ ಎಂಬ ಉತ್ತರ ಬಂತು. ಆ ಚಾಟ್ ನನ್ನ ಬಳಿ ಇದೆ.

ಹಳೇ ಸ್ಕೂಟರ್ ಕೊಳ್ಳುವವರು ಇವತ್ತು ಏನು ಮಾಡುತ್ತಾರೆ ಹೇಳಿ. ನಂಬರ್ ಹಾಕಿ, ಸಿಗ್ನಲ್ ಹಾರಿಸಿದ ದಂಡ ಎಷ್ಟು ಬಾಕಿ ಇದೆ ನೋಡುತ್ತಾರೆ. ಓಡಿಸಿದವನು ಯಾರೇ ಆಗಿರಲಿ, ದಂಡ ನಿಲ್ಲುವುದು ನಂಬರಿನ ಮೇಲೆ. ಐಪಿ ಕಥೆಯೂ ಅದೇ. ನೀವು ದುಡ್ಡು ಎಣಿಸಿಕೊಂಡ ಮೇಲೆ ನಂಬರ್ ಪ್ಲೇಟ್ ತೋರಿಸಿದಿರಿ.

ಈಗ ಆ ನಂಬರಿನ ಮೇಲೆ ಏನೇನಿತ್ತು ಹೇಳುತ್ತೇನೆ.

ಮೇಲ್ ಕಳಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಹಾಕಿದೆ. ಮೇಲ್ ನಿಜವಾಗಿ ನನ್ನ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಸರಿಯಾಗಿ ಮಾಡಿದೆ. ನನ್ನ ಡೊಮೇನ್ ಆರು ವರ್ಷ ಹಳೆಯದು, ಒಂದು ದಿನವೂ ತಕರಾರು ಇರಲಿಲ್ಲ. ಆದರೂ ನನ್ನ ಜಿಮೇಲಿಗೆ ಕಳಿಸಿದ ಮೊದಲ ಮೇಲೇ ಸ್ಪ್ಯಾಮ್‌ಗೆ ಬಿತ್ತು. ಹೊಸ ಸರ್ವರ್ ಅಲ್ವಾ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಅವತ್ತೇ ನೋಡಬೇಕಿತ್ತು.

ಜೂನ್ 14ರ ಶನಿವಾರ ಬೆಂಗಳೂರಿನ ಒಬ್ಬ ಹೆಂಗಸು ಫೋನ್ ಮಾಡಿದರು. ‘ನಾಲ್ಕು ಸಾವಿರ ಹಾಕಿದೀನಿ, ರಸೀದಿ ಇಲ್ಲ, ಮೇಲ್ ಇಲ್ಲ. ನೀವು ನಿಜವಾಗ್ಲೂ ಹೋಮ್‌ಸ್ಟೇನವರಾ, ಇಲ್ಲಾ ಮೋಸದವರಾ?’ ಎಂದು ಕೇಳಿದರು. ಅವರದ್ದು ಹಾಟ್‌ಮೇಲ್. ಲಾಗ್ ತೆಗೆದು ನೋಡಿದರೆ ಹಾಟ್‌ಮೇಲ್, ಔಟ್‌ಲುಕ್‌ಗೆ ಹೋದ ಒಂದು ಮೇಲೂ ತಲುಪಿರಲಿಲ್ಲ. ಎಲ್ಲ 550 5.7.1 ಎಂದು ವಾಪಸ್, ಜೊತೆಗೆ ಎಸ್3140 ಎಂಬ ಕೋಡ್. ‘ನಿಮಗೆ ಸೇವೆ ಕೊಡುವ ಕಂಪನಿಯನ್ನು ಕೇಳಿ, ಅವರ ನೆಟ್‌ವರ್ಕಿನ ಒಂದು ಭಾಗ ನಮ್ಮ ತಡೆಪಟ್ಟಿಯಲ್ಲಿದೆ’ ಎಂಬುದು ಮೈಕ್ರೋಸಾಫ್ಟ್‌ನವರ ಆ ಸಾಲಿನ ಅರ್ಥ. ನನ್ನನ್ನಲ್ಲ, ನಿಮ್ಮನ್ನು ಕೇಳಲು ಹೇಳಿದ್ದಾರೆ ಎಂಬುದನ್ನು ಗಮನಿಸಿ.

ಆಮೇಲೆ ಕೂತು ಒಂದೊಂದೇ ಪಟ್ಟಿ ನೋಡಿದೆ. ಐಪಿಗಳ ಮೇಲಿನ ದೂರು ದಾಖಲಿಸುವ ಅಬ್ಯೂಸ್‌ಐಪಿಡಿಬಿ ಸೈಟಿನಲ್ಲಿ ಈ ವಿಳಾಸದ ಮೇಲೆ ಮಾರ್ಚ್‌ನಿಂದಲೇ ದೂರುಗಳಿದ್ದವು. ಬೇರೆಯವರ ಸರ್ವರ್‌ಗಳಿಗೆ ಎಸ್‌ಎಸ್‌ಎಚ್ ಪಾಸ್‌ವರ್ಡ್ ಊಹಿಸಿ ನುಗ್ಗಲು ನೋಡಿದ್ದು, ಸ್ಪ್ಯಾಮ್ ಕಳಿಸಿದ್ದು, ಹೀಗೆ. ನಾನು ಕೊಂಡಿದ್ದು ಜೂನ್‌ನಲ್ಲಿ. ಸ್ಪ್ಯಾಮ್‌ಹೌಸ್‌ನ ಐಪಿ ಪಟ್ಟಿಗಳೆಲ್ಲ ಸೇರಿರುವ ಜೆನ್ ಪಟ್ಟಿಯಲ್ಲಿ ಕೇಳಿದರೆ 127.0.0.2 ಎಂದು ಬಂತು. ಹಾಗೆ ಬಂದರೆ ವಿಳಾಸ ಎಸ್‌ಬಿಎಲ್‌ನಲ್ಲಿ, ಅಂದರೆ ಸ್ಪ್ಯಾಮಿಗೆ ಸಂಬಂಧವಿದೆ ಎಂದು ಅವರು ಗುರುತಿಸಿದ ವಿಳಾಸಗಳ ಪಟ್ಟಿಯಲ್ಲಿದೆ ಎಂದರ್ಥ. ದಾಖಲೆ ತೆರೆದು ನೋಡಿದರೆ ಅದು ನನ್ನೊಂದು ಐಪಿಯ ಮಾತಲ್ಲ, ಅಕ್ಕಪಕ್ಕದ ಇಡೀ /24, ಅಂದರೆ 256 ವಿಳಾಸಗಳೂ ಒಟ್ಟಿಗೇ ಪಟ್ಟಿಯಲ್ಲಿದ್ದವು. ದಾಖಲೆಯ ತಾರೀಕು ಏಪ್ರಿಲ್‌ನದ್ದು.

ನಿಮ್ಮ ಮೇಲೆ ಇಲ್ಲದ್ದನ್ನು ಹೊರಿಸುವ ಉದ್ದೇಶ ನನಗಿಲ್ಲ. ಮೊದಲ ಸಲ ನಾನು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಆದ 8.8.8.8 ಮೂಲಕ ಕೇಳಿದ್ದೆ, 127.255.255.254 ಎಂದು ಉತ್ತರ ಬಂದು ಗಾಬರಿಯಾದೆ. ಸಾರ್ವಜನಿಕ ಡಿಎನ್‌ಎಸ್‌ನಿಂದ ಕೇಳಿದರೆ ಹೇಳುವುದಿಲ್ಲ ಎಂಬುದಷ್ಟೇ ಅದರ ಅರ್ಥ ಎಂದು ಆಮೇಲೆ ಗೊತ್ತಾಯಿತು. ಆ ಹುಡುಕಾಟ ಮಾಡುವ ನನ್ನದೇ ರಿಸಾಲ್ವರ್ ಇಟ್ಟು ಮತ್ತೆ ಕೇಳಿದ್ದೇನೆ, ಮೇಲಿನದು ಆ ಉತ್ತರ. ಯುಸಿಇಪ್ರೊಟೆಕ್ಟ್ ಎಂಬ ಇನ್ನೊಂದು ತಡೆಪಟ್ಟಿಯ ಮೂರನೇ ಹಂತದಲ್ಲೂ ನೀವಿದ್ದೀರಿ, ಆದರೆ ಅದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಅವರು ಇಡೀ ಕಂಪನಿಯ ನೆಟ್‌ವರ್ಕನ್ನೇ ಪಟ್ಟಿಗೆ ಸೇರಿಸುತ್ತಾರೆ, ಬೇಗ ತೆಗೆಸಬೇಕಾದರೆ ದುಡ್ಡು ಕೇಳುತ್ತಾರೆ. ಎಸ್‌ಬಿಎಲ್ ಹಾಗಲ್ಲ. ಅದರಲ್ಲಿ ಬಿದ್ದರೆ ಮೇಲ್ ಸತ್ತ ಹಾಗೆಯೇ.

ಇನ್ನೊಂದು ಹೇಳಲೇಬೇಕು. ಆ ಐಪಿಯ ರಿವರ್ಸ್ ಡಿಎನ್‌ಎಸ್, ಅಂದರೆ ಸಂಖ್ಯೆ ಹಾಕಿದರೆ ಹೆಸರು ಹೇಳುವ ದಾಖಲೆ, ಯಾವ ಹೆಸರಿಗಿತ್ತು ಗೊತ್ತೇ? ಯಾವುದೋ ರಮ್ಮಿ ಆಫರ್ ಸೈಟಿನ ಹೆಸರಿಗೆ. ಹಿಂದಿನವರು ಬಿಟ್ಟುಹೋದ ಬೋರ್ಡನ್ನು ಕೀಳದೆಯೇ ನನಗೆ ಬಾಗಿಲು ತೆರೆದಿದ್ದೀರಿ. ಅಡಿಕೆ ತೋಟದ ನಡುವಿನ ಹೋಮ್‌ಸ್ಟೇ ರಸೀದಿ ಐದು ದಿನ ರಮ್ಮಿ ಹೆಸರು ಹೊತ್ತುಕೊಂಡು ಊರೂರು ತಿರುಗಿದೆ! ಪಿಟಿಆರ್ ಎನ್ನುವ ಈ ದಾಖಲೆಯಲ್ಲಿರುವ ಹೆಸರು ಮತ್ತೆ ಅದೇ ಐಪಿಯನ್ನೇ ತೋರಿಸಬೇಕು ಎಂದು ಜಿಮೇಲ್‌ನವರು ಫೆಬ್ರವರಿ 2024ರಿಂದ ಎಲ್ಲರಿಗೂ ಕಡ್ಡಾಯ ಮಾಡಿದ್ದಾರೆ. ಅದನ್ನು ಬದಲಿಸುವ ಅವಕಾಶ ನನ್ನ ಪ್ಯಾನೆಲ್‌ನಲ್ಲಿಲ್ಲ, ನೀವೇ ಮಾಡಬೇಕು. ಕೇಳಿದ ಆರನೇ ದಿನಕ್ಕೆ ಆಯಿತು.

ಟಿಕೆಟ್‌ಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಜಾಸ್ತಿ ಸಿಟ್ಟಿದೆ.

ಜೂನ್ 14ರ ರಾತ್ರಿ ಎಲ್ಲ ಸ್ಕ್ರೀನ್‌ಶಾಟ್ ಹಾಕಿ ಟಿಕೆಟ್ ತೆರೆದೆ. ನಿಮ್ಮ ಮರುಪಾವತಿಯ ಗಡುವು ಏಳು ದಿನ, ಅಂದರೆ 16ರವರೆಗೆ. ನಿಮ್ಮ ಮೊದಲ ಉತ್ತರ ಬಂದಿದ್ದು 17ಕ್ಕೆ. ‘ನಿಮ್ಮ ಸರ್ವರ್‌ನಲ್ಲಿ ಮಾಲ್‌ವೇರ್ ಇರಬಹುದು, ಸ್ಕ್ಯಾನ್ ಮಾಡಿ.’ ಜೂನ್ 9ಕ್ಕೆ ಹುಟ್ಟಿದ ಸರ್ವರ್ ಮಾರ್ಚ್‌ನಲ್ಲಿ ಹೇಗೆ ಸ್ಪ್ಯಾಮ್ ಕಳಿಸಿತು ಎಂದು ಕೇಳಿದೆ. ಅದಕ್ಕೆ, ಇದು ಅನ್‌ಮ್ಯಾನೇಜ್ಡ್ ವಿಪಿಎಸ್, ಐಪಿಯ ಹೆಸರು ಕಾಪಾಡಿಕೊಳ್ಳುವುದು ಗ್ರಾಹಕರ ಹೊಣೆ, ಸ್ಪ್ಯಾಮ್‌ಹೌಸ್‌ಗೆ ನೀವೇ ಬರೆಯಿರಿ ಎಂದಿರಿ. ಹಾಗಾದರೆ ವಾಪಸ್ ಕೊಡಿ ಎಂದರೆ ಗಡುವು ಮುಗಿದಿದೆ ಎಂದಿರಿ. ಗಡುವು ದಾಟಿಸಿದವರು ಯಾರು ಸ್ವಾಮಿ?

ಸ್ಪ್ಯಾಮ್‌ಹೌಸ್‌ಗೆ ನಾನು ಬರೆಯಬಹುದಿತ್ತು, ಪಿಬಿಎಲ್ ಅಥವಾ ಅವರದೇ ಇನ್ನೊಂದು ಪಟ್ಟಿ ಸಿಎಸ್‌ಎಸ್‌ನಲ್ಲಿ ಬಿದ್ದಿದ್ದರೆ. ಎಸ್‌ಬಿಎಲ್‌ನಿಂದ ತೆಗೆಸಲು ವಿಳಾಸದ ಒಡೆತನ ಇರುವ ಕಂಪನಿಯೇ ಕೇಳಬೇಕು, ಬಾಡಿಗೆಗೆ ತೆಗೆದುಕೊಂಡವರ ಮಾತಿಗೆ ಅಲ್ಲಿ ಬೆಲೆ ಇಲ್ಲ. ನಿಮ್ಮ ಅಬ್ಯೂಸ್ ವಿಭಾಗದಿಂದ ಒಬ್ಬರು, ತಪ್ಪು ಮಾಡಿದವರನ್ನು ಹೊರಹಾಕಿದ್ದೇವೆ ಎಂದು ತೋರಿಸಿ ಪತ್ರ ಬರೆದರೆ ಆಗುವ ಕೆಲಸ. ಅದನ್ನು ಬಿಟ್ಟು ಜೂನ್ 19ರಂದು ಒಂದು ಸಲಹೆ ಕೊಟ್ಟಿರಿ. ತಿಂಗಳಿಗೆ ರೂ. 250 ಕೊಟ್ಟರೆ ಇನ್ನೊಂದು ಐಪಿ ಸಿಗುತ್ತದೆ ಎಂದು. ಸೀಸನ್ ಕೈತಪ್ಪುತ್ತಿತ್ತು, ಜಿಎಸ್‌ಟಿ ಸೇರಿಸಿ ರೂ. 295 ಕಟ್ಟಿದೆ. ಬಂದ ಹೊಸ ಐಪಿ ಅದೇ 256ರಲ್ಲಿ ಇನ್ನೊಂದು. ಅದೇ ಎಸ್‌ಬಿಎಲ್ ದಾಖಲೆ, ಅದೇ ತಾರೀಕು. ಇದನ್ನು ಹೇಳಿದ ಮಾರನೇ ದಿನ ಟಿಕೆಟ್ ‘ಪರಿಹಾರವಾಗಿದೆ’ ಎಂದು ತಾನಾಗಿಯೇ ಮುಚ್ಚಿಕೊಂಡಿತು. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಮೇಲ್ ಮಾತ್ರ ನೇರವಾಗಿ ನನ್ನ ಇನ್‌ಬಾಕ್ಸಿಗೇ ಬಂತು.

ಐಪಿವಿ4, ಅಂದರೆ ಈ ಬಗೆಯ ಐಪಿ ವಿಳಾಸಗಳಿಗೆ, ಎಷ್ಟು ಅಭಾವ ಇದೆ ಎಂದು ನನಗೂ ಗೊತ್ತು. ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. ಜಗತ್ತಿಗೆ ವಿಳಾಸ ಹಂಚುವ ಐಯಾನ ಸಂಸ್ಥೆಯ ಬಳಿ ಹಂಚಲು ಉಳಿದಿದ್ದ ಕೊನೆಯ ಬ್ಲಾಕ್‌ಗಳೂ ಫೆಬ್ರವರಿ 2011ರಲ್ಲೇ ಮುಗಿದವು. ಈಗ ಯಾರ ಬಳಿ ಕೊಂಡರೂ ಬಹುತೇಕ ಯಾರೋ ಬಳಸಿ ಬಿಟ್ಟ ವಿಳಾಸವೇ. ಯಾರೂ ಮುಟ್ಟದ್ದನ್ನು ಕೊಡಿ ಎಂದು ನಾನು ಕೇಳುತ್ತಿಲ್ಲ. ಕೊಡುವ ಮುಂಚೆ ಪಟ್ಟಿ ನೋಡಿ ಎನ್ನುತ್ತಿದ್ದೇನೆ. ಅದಕ್ಕೆ ಎಷ್ಟು ಹೊತ್ತು ಬೇಕು? ಐಪಿಯ ನಾಲ್ಕು ಸಂಖ್ಯೆಗಳನ್ನು ಹಿಂದುಮುಂದು ಮಾಡಿ ಒಂದು ಡಿಎನ್‌ಎಸ್ ಪ್ರಶ್ನೆ ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಪೋರ್ಟ್ 25 ಓಪನ್ ಎಂದು ಊರಿಗೆಲ್ಲ ಸಾರಿದರೆ ಮೊದಲು ಓಡಿಬರುವವರು ಸ್ಪ್ಯಾಮ್ ಕಳಿಸುವವರೇ. ಅದಕ್ಕೇ ಎಷ್ಟೋ ಕಂಪನಿಗಳು ಅದನ್ನು ಮುಚ್ಚಿಟ್ಟು, ಕೇಳಿದವರನ್ನು ವಿಚಾರಿಸಿ ತೆರೆಯುತ್ತವೆ. ನಿಮ್ಮ ಜಾಹೀರಾತಿನ ಆ ಸಾಲೇ ನಿಮ್ಮ 256 ವಿಳಾಸಗಳ ಮರ್ಯಾದೆ ಕಳೆದಿದೆ ಎಂಬುದು ನನ್ನ ಅನುಮಾನ.

ಕಳೆದ ವಾರ ಗಂಟೆ ಲೆಕ್ಕದ ಬಾಡಿಗೆಯ ಇನ್ನೊಂದು ಕಡೆ ಪ್ರಯತ್ನಿಸಿದೆ. ಸರ್ವರ್ ಎಬ್ಬಿಸು, ಐಪಿ ನೋಡು, ಪಟ್ಟಿಗಳಲ್ಲಿ ಹುಡುಕು, ಸರಿ ಇಲ್ಲದಿದ್ದರೆ ಅಳಿಸು. ಎರಡನ್ನು ಬಿಟ್ಟೆ, ಮೂರನೆಯದು ಚೊಕ್ಕವಾಗಿತ್ತು. ಅಷ್ಟಕ್ಕೂ ಒಂದು ಲೋಟ ಚಹಾದ ದುಡ್ಡೂ ಆಗಲಿಲ್ಲ. ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಸೆಗೆ ಬೀಳದೆ ಮೊದಲೇ ಹೀಗೆ ಮಾಡಿದ್ದರೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ. ನಿಮ್ಮಲ್ಲಿ ಆ ದಾರಿಯೇ ಇಲ್ಲ, ವರ್ಷದ ದುಡ್ಡು ಕಟ್ಟದೆ ಐಪಿಯ ಮುಖ ಕಾಣುವುದಿಲ್ಲ.

ಈ ಹಾಳು ನಾನೇ ಮಾಡಿದ್ದು ಎಂದು ಇನ್ನೊಮ್ಮೆ ಹೇಳುವ ಮುಂಚೆ ನಿಮ್ಮದೇ ಪುಸ್ತಕ ತೆರೆದು ನೋಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಯಾವ ಗ್ರಾಹಕರಿಗೆ ಯಾವ ಐಪಿ ಯಾವ ಅವಧಿಗೆ ಕೊಟ್ಟಿರಿ ಎಂಬ ದಾಖಲೆಯನ್ನು ವಿಪಿಎಸ್ ಕಂಪನಿಗಳು ಐದು ವರ್ಷ ಇಟ್ಟುಕೊಳ್ಳಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಈ ವಿಳಾಸ ಯಾರ ಬಳಿ ಇತ್ತು ಎಂಬುದು ನಿಮಗೆ ಗೊತ್ತಿದೆ. ಅವರ ಹೆಸರು ನನಗೆ ಬೇಡ. ಅದು ನಾನಲ್ಲ ಎಂದು ಬರವಣಿಗೆಯಲ್ಲಿ ಕೊಟ್ಟರೆ ಸಾಕು.

ನಾನು ಕೇಳುವುದು ಇಷ್ಟು. ಎಸ್‌ಬಿಎಲ್‌ನಲ್ಲಿ ಇಲ್ಲದ ಬೇರೆ ರೇಂಜಿನಿಂದ ಒಂದು ಐಪಿ ಕೊಡಿ, ಕೊಡುವ ಮುಂಚೆ ಸಂಖ್ಯೆ ತಿಳಿಸಿ, ನಾನೇ ನೋಡಿ ಒಪ್ಪುತ್ತೇನೆ. ಪಿಟಿಆರ್ ಅದೇ ದಿನ ನನ್ನ ಡೊಮೇನ್ ಹೆಸರಿಗೆ ಬದಲಾಗಬೇಕು. ಇದು ಆಗದಿದ್ದರೆ ರೂ. 7,080 ಮತ್ತು ರೂ. 295 ಸೇರಿ ರೂ. 7,375 ವಾಪಸ್ ಮಾಡಿ. ಆ 256 ವಿಳಾಸಗಳನ್ನು ಪಟ್ಟಿಯಿಂದ ತೆಗೆಸುವವರೆಗೆ ಮೇಲ್ ಸರ್ವರ್ ಬೇಕು ಎನ್ನುವವರಿಗೆ ದಯವಿಟ್ಟು ಮಾರಬೇಡಿ. ನನ್ನ ಹಾಗೆ ಇನ್ನೆಷ್ಟು ಜನ ಲಾಗ್ ನೋಡದೆ, ಮೇಲ್ ಹೋಗಿದೆ ಎಂದುಕೊಂಡು ಕೂತಿದ್ದಾರೋ.

2020ರ ಇ-ಕಾಮರ್ಸ್ ನಿಯಮಗಳಲ್ಲಿ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು ಎಂದಿದೆ. ಆಗದಿದ್ದರೆ 1915 ಗ್ರಾಹಕ ಸಹಾಯವಾಣಿಗೆ, ಅಲ್ಲೂ ಆಗದಿದ್ದರೆ ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ನಿಮ್ಮ ವಕೀಲರು ಹೇಳಬಹುದು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ವಸ್ತು ಕೊಂಡವರು ಗ್ರಾಹಕರೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ವಿವರಣೆ ಇದೆ, ಸೇವೆಗೂ ಅದೇ ಸಲ್ಲಬೇಕು ಎಂಬುದು ನನ್ನ ವಾದ, ಅವರಿಗೂ ತೋರಿಸಿ.

ಚಾಟ್, ಟಿಕೆಟ್‌ಗಳು, ಎರಡು ರಸೀದಿ, ಮೇಲ್ ಲಾಗ್ ಮತ್ತು ಪಟ್ಟಿಗಳ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಒಂದು ತುರ್ತು ಮಾತು. ರೂ. 250ರ ಆ ಎರಡನೇ ಐಪಿಯ ತಿಂಗಳು ಜುಲೈ 19ಕ್ಕೆ ಮುಗಿಯುತ್ತದೆ. ಆಟೋ ಡೆಬಿಟ್ ನಿಲ್ಲಿಸುವ ಬಟನ್ ನನ್ನ ಪ್ಯಾನೆಲ್‌ನಲ್ಲಿ ಎಲ್ಲೂ ಕಾಣುತ್ತಿಲ್ಲ. ಉಳಿದದ್ದಕ್ಕೆ ಉತ್ತರ ತಡವಾದರೂ ಪರವಾಗಿಲ್ಲ, ಅದನ್ನು 18ರೊಳಗೆ ನಿಲ್ಲಿಸಿ.

ಇತಿ,
ನಿಮ್ಮ ಗ್ರಾಹಕ,
ಸಾಗರ, ಶಿವಮೊಗ್ಗ ಜಿಲ್ಲೆ