ಬೇಸಿಗೆಯಲ್ಲಿ ಮ್ಯೂಸಿಯಂಗೆ ದುಡಿಯುವ ವಿದ್ಯಾರ್ಥಿಗಳಿಗೆ ಆದೇಶ ಪತ್ರ ಕೊಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಸರ್, ನಾನು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಹಳ್ಳಿಯವಳು. ಬಿ.ಎ. ಕೊನೆಯ ವರ್ಷ, ಇತಿಹಾಸ ನನ್ನ ಮುಖ್ಯ ವಿಷಯ. ಹೋದ ವರ್ಷದ ಬೇಸಿಗೆ ರಜೆಯೂ ಈ ವರ್ಷದ್ದೂ ಜಿಲ್ಲೆಯ ಒಂದು ಮ್ಯೂಸಿಯಂನಲ್ಲಿ ಇಂಟರ್ನ್‌ಶಿಪ್ ಅಂತ ಕಳೆಯಿತು. ಸಂಬಳ ಇಲ್ಲ, ಬಸ್ ಚಾರ್ಜ್ ಇಲ್ಲ. ನಾವು ಅಲ್ಲಿ ಕೆಲಸಕ್ಕೆ ಸೇರಿದ್ದೇವೆ ಅನ್ನೋದಕ್ಕೆ ಸೇರುವಾಗ ಒಂದು ಚೀಟಿ ಕೂಡ ಕೊಡಲಿಲ್ಲ. ಇಷ್ಟು ದಿನ ಸುಮ್ನಿದ್ದೆವು. ಈ ಮೇ ತಿಂಗಳಲ್ಲಿ ನಡೆದದ್ದನ್ನು ನೋಡಿದ ಮೇಲೆ ಸುಮ್ನಿರೋಕೆ ಮನಸ್ಸು ಒಪ್ಪಲಿಲ್ಲ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆ ಕೆಲಸಕ್ಕೆ ಬರುವ ಪ್ರತಿ ವಿದ್ಯಾರ್ಥಿಗೂ ಸೇರುವ ದಿನವೇ ಹೆಸರು ಹಾಕಿದ ಆದೇಶ ಪತ್ರ ಕೊಡಿಸಿ. ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್ ಗೊತ್ತು ಮಾಡಿಸಿ. ಇಂಟರ್ನ್‌ಶಿಪ್‌ನ ನಿಯಮ, ಅದಕ್ಕೆ ಕಾಲೇಜಿನಲ್ಲಿ ಸಿಗುವ ಕ್ರೆಡಿಟ್ ಅಂಕದ ಲೆಕ್ಕ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಮ್ಯೂಸಿಯಂ ಕೆಲಸ ಅಂದರೆ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯೋದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಮ್ಮ ಕೆಲಸ ಒಳಗಿನ ಕೋಣೆಯಲ್ಲಿತ್ತು. ಅಲ್ಲಿ ತಾಳೆಗರಿಯ ಕಟ್ಟುಗಳಿವೆ. ಒಂದೊಂದೇ ಗರಿ ಬಿಡಿಸಿ, ಮೆತ್ತನೆಯ ಬ್ರಶ್‌ನಿಂದ ಧೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು. ಎಣ್ಣೆ ಹಿಡಿದ ಗರಿ ಒಣಗಿ ಮುರಿಯುವುದಿಲ್ಲ, ಹುಳವೂ ಹತ್ತಿರ ಬರುವುದಿಲ್ಲ. ಅಕ್ಷರ ಮಾಸಿದ್ದರೆ ದೀಪದ ಕಪ್ಪು ತಿಕ್ಕುತ್ತಾರೆ. ಕಂಟ ಅನ್ನುವ ಚೂಪು ಲೇಖನಿಯಲ್ಲಿ ಕೊರೆದ ಗೆರೆಯೊಳಗೆ ಕಪ್ಪು ಕೂತು ಇಡೀ ಸಾಲು ಎದ್ದು ಕಾಣುತ್ತದೆ. ಇಂಥ ಗರಿಗಳಲ್ಲಿ ಬಳಸುತ್ತಿದ್ದ ಹಳೆಯ ತಿಗಳಾರಿ ಲಿಪಿ ಓದೋಕೆ ನಾನು ಕಲಿತಿದ್ದು ಆ ಕೋಣೆಯಲ್ಲೇ. ಆ ಋಣ ನನಗಿದೆ, ಮರೆಯುವುದಿಲ್ಲ.

ಕಡತಗಳದ್ದು ಇನ್ನೂ ನಾಜೂಕು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮೇಲೆ ಬಳಪದಲ್ಲಿ ಬರೆದ ಲೆಕ್ಕಗಳು ಅವು. ಬೆರಳು ಉಜ್ಜಿದರೆ ಸಾಕು, ಒಂದು ಸಾಲು ಅಳಿಸಿಹೋಗುತ್ತದೆ. ಯಾರ ಗದ್ದೆಗೆ ಎಷ್ಟು ಕಂದಾಯ, ಯಾವ ದೇವಸ್ಥಾನಕ್ಕೆ ಯಾವ ಜಮೀನು ಅನ್ನುವಂಥ ವಿಷಯ ಇರುವ ಸಾಲು. ಇಂಥದ್ದನ್ನು ನಂಬಿ ನಮ್ಮ ಕೈಗೆ ಕೊಟ್ಟರು. ಕೈಗವಸು ಕೇಳಿದರೆ ನೀವೇ ತಂದುಕೊಳ್ಳಿ ಅಂದರು. ತಂದುಕೊಂಡೆವು. ಇದೆಲ್ಲ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಜೂನ್ ಬಂತು ಅಂದರೆ ನಮ್ಮ ಕಡೆ ಪೆಟ್ಟಿಗೆಯೊಳಗಿನ ಸೀರೆಗೇ ಬೂಷ್ಟು ಹಿಡಿಯುತ್ತದೆ. ಗರಿಯನ್ನು ಬಿಡುತ್ತದಾ? ಕೆಲಸಕ್ಕೆ ಸಿಬ್ಬಂದಿ ಸಾಲದು, ಬೇಸಿಗೆ ಕಾಯುವುದಿಲ್ಲ. ಅದಕ್ಕೇ ನಾವು ಬೇಕು.

ಈಗ ಆ ದಿನದ ವಿಷಯ. ಯಾರೋ ದೊಡ್ಡವರು ಬರುತ್ತಾರೆ ಅಂತ ಹಿಂದಿನ ದಿನವೆಲ್ಲ ಗಡಿಬಿಡಿ. ಅಂಗಳದ ಗೋಡೆಗೆ ಒಂದು ವೀರಗಲ್ಲು ಒರಗಿಸಿಟ್ಟಿದ್ದರು. ಕೆಳಗಿನ ಹಂತದಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಅದರ ಅಳತೆ ತೆಗೆದು ವಿವರದ ಕಾರ್ಡ್ ಬರೆದವಳು ನಾನು. ಅಲ್ಲಿ ಹೂಕುಂಡ ಸಾಲಾಗಿ ಇಡಬೇಕು, ಕಲ್ಲು ಆಚೆ ಸರಿಸಿ ಅಂತ ಹುಡುಗರಿಗೆ ಹೇಳಿದರು. ಕೊಟ್ಟಿದ್ದು ಒಂದು ಹಾರೆ, ಒಂದು ಹಗ್ಗ. ಅರ್ಧ ಸರಿಸುವಷ್ಟರಲ್ಲಿ ಹಗ್ಗ ಜಾರಿತು. ಕಲ್ಲು ನನ್ನ ಸಹಪಾಠಿಯ ಪಾದದ ಮೇಲೆ ಬಿತ್ತು. ಎರಡು ಬೆರಳು ಜಜ್ಜಿಹೋದವು. ಅವನು ಕೂಗಿದ್ದು ರಸ್ತೆಯವರೆಗೆ ಕೇಳಿತು.

ಆಟೋ ಕರೆದವರು ನಾವು. ದುಡ್ಡು ಒಟ್ಟು ಮಾಡಿದವರು ನಾವು. ಆಪರೇಷನ್ನಿಗೆ ಅವನ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದರು. ಆ ತಾಯಿ ಪರಿಹಾರ ಕೇಳಿಕೊಂಡು ಹೋದಾಗ ಜೊತೆಗೆ ನಾನಿದ್ದೆ. ಸಿಕ್ಕ ಉತ್ತರ ಇದು: "ಅವನು ನಮ್ಮ ಕೆಲಸದವನಲ್ಲಮ್ಮ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ."

ಹೆಸರು ಬರೆಯದೇ ಇದ್ದವರು ಯಾರು ಸರ್?

ಇಷ್ಟಕ್ಕೇ ಮುಗಿಯಲಿಲ್ಲ. ಕಲ್ಲಿನ ಒಂದು ಮೂಲೆ ಚಕ್ಕೆ ಎದ್ದಿತ್ತು. ವಿದ್ಯಾರ್ಥಿಗಳ ಅಜಾಗರೂಕತೆಯಿಂದ ಹೀಗಾಯಿತು ಅಂತ ನಮ್ಮೆಲ್ಲರಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ನಮ್ಮ ಹೆಸರಿರುವ ಕಾಗದ ಆ ಕಟ್ಟಡದಲ್ಲಿ ಅದೊಂದೇ. ಆಸ್ಪತ್ರೆಯಲ್ಲಿದ್ದ ಹುಡುಗನಿಗೆ ದಿನ ಸಾಲದು ಅಂತ ಸರ್ಟಿಫಿಕೇಟ್ ಕೊಡಲಿಲ್ಲ. ಹಾಜರಿ ಪುಸ್ತಕದಲ್ಲಿ ಇಲ್ಲದವನ ದಿನ ಎಣಿಸಿದ್ದು ಹೇಗೆ? ಮ್ಯೂಸಿಯಂ ಯಾವುದು ಅಂತ ಇಲ್ಲಿ ಬರೆದಿಲ್ಲ. ಅಲ್ಲಿ ಪ್ರೀತಿಯಿಂದ ಕಲಿಸಿದವರೂ ಇದ್ದಾರೆ, ಅವರಿಗೆ ತೊಂದರೆ ಆಗಬಾರದು. ನೀವು ಕರೆದು ಕೇಳಿದರೆ ಎಲ್ಲ ಹೇಳುತ್ತೇವೆ.

ದುಡ್ಡಿನ ಮಾತು ಆಡೋಕೆ ನಮಗೆ ಮುಜುಗರ. ಆದರೂ ಆಡಬೇಕು. ಅಪ್ಪ ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಾರೆ. ಡೇರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲಿ ಅಮ್ಮ ನನ್ನ ಬಸ್ಸಿಗೆ ಕೊಟ್ಟರು. ಶಕ್ತಿ ಯೋಜನೆ ಇದೆಯಲ್ಲ ಅಂತೀರೇನೋ. ಅದು ಸರ್ಕಾರಿ ಬಸ್ಸಿಗೆ. ನಮ್ಮೂರಿನ ರಸ್ತೆಯಲ್ಲಿ ಓಡೋದು ಖಾಸಗಿ ಬಸ್, ಇದು ನಿಮಗೂ ಗೊತ್ತು. ನನ್ನ ಚಿಕ್ಕಪ್ಪನ ಮಗಳು ಅದೇ ರಜೆಯಲ್ಲಿ ಗಾಂಧಿ ಬಜಾರ್‌ನ ಬಟ್ಟೆ ಅಂಗಡಿಗೆ ಸೇರಿ, ಕಾಲೇಜು ಫೀಸಿನಷ್ಟು ದುಡಿದುಕೊಂಡು ಬಂದಳು. ನಾನು ಮನೆಯ ದುಡ್ಡು ಖರ್ಚು ಮಾಡಿ ಬಂದೆ. ಹೀಗಾದರೆ ಮ್ಯೂಸಿಯಂಗೆ ಹೋಗೋಕೆ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಆಗುತ್ತದೆ, ಅಲ್ವಾ?

ಯುವನಿಧಿಗೆ ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲೇ, 2024ರ ಜನವರಿ 12ರಂದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಒಳ್ಳೆಯ ಯೋಜನೆ. ಅದೇ ವರ್ಷ ಕೇಂದ್ರ ಸರ್ಕಾರ ದೊಡ್ಡ ಕಂಪನಿಗಳ ಇಂಟರ್ನ್‌ಶಿಪ್‌ಗೆ ತಿಂಗಳಿಗೆ 5,000 ರೂಪಾಯಿ ಗೊತ್ತು ಮಾಡಿತು. ಕಂಪನಿಯಲ್ಲಿ ಕಲಿಯುವವರಿಗೆ ದುಡ್ಡಿದೆ. ನಮ್ಮದೇ ನಾಡಿನ ದಾಖಲೆ ಉಳಿಸುವವರಿಗೆ ಯಾಕಿಲ್ಲ?

ಈ ಜಿಲ್ಲೆಯಲ್ಲಿ ಉಳಿಸಬೇಕಾದ್ದು ಕಡಿಮೆಯೇನಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಅಚ್ಚು ಹಾಕಿಸುವಾಗ ಒಂದು ಸಂಪುಟ ಸಾಲದೆ 1902ರಲ್ಲೊಂದು, 1904ರಲ್ಲೊಂದು ತರಬೇಕಾಯಿತು. ಕದಂಬರ ಮೂಲ ಹೇಳುವ ತಾಳಗುಂದದ ಶಾಸನದ ಕಂಬ ಇಲ್ಲಿದೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವವರೆಗೆ ಆಳಿದ ಕೆಳದಿ ಅರಸರು ಇಲ್ಲಿಯವರು. ಪ್ರತಿ ಸಭೆಯಲ್ಲೂ ಶಿವಪ್ಪ ನಾಯಕರ ಕಂದಾಯದ ಶಿಸ್ತು, ಕೆಳದಿ ರಾಣಿ ಚೆನ್ನಮ್ಮನ ಧೈರ್ಯ ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತೀರಿ. ಆ ಕಾಲದ ಕಾಗದಪತ್ರ ಹುಳ ತಿನ್ನದ ಹಾಗೆ ನೋಡಿಕೊಳ್ಳುವ ಹುಡುಗರ ಕಡೆ ಒಮ್ಮೆಯಾದರೂ ತಿರುಗಿ ನೋಡಿ.

ಮತ್ತೆ ಕೇಳುತ್ತಿದ್ದೇನೆ. ಸೇರುವ ದಿನವೇ ಆದೇಶ ಪತ್ರ. ಹಾಜರಿ ಪುಸ್ತಕದಲ್ಲಿ ಹೆಸರು. ಬಸ್ ಚಾರ್ಜ್ ಕಳೆದು ಕೈಯಲ್ಲಿ ಏನಾದರೂ ಉಳಿಯುವಷ್ಟು ಸ್ಟೈಪೆಂಡ್. ಕೆಲಸದಲ್ಲಿ ಪೆಟ್ಟಾದರೆ ಆಸ್ಪತ್ರೆ ಖರ್ಚು. ಭಾರದ ಕಲ್ಲು ಎತ್ತುವುದಿದ್ದರೆ ಗೊತ್ತಿರುವ ಕೆಲಸದವರನ್ನೂ ಸಲಕರಣೆಯನ್ನೂ ತರಿಸಿ, ಹುಡುಗರನ್ನು ಕರೆಯಬೇಡಿ. ನನ್ನ ಸಹಪಾಠಿಯ ಆಪರೇಷನ್ ಖರ್ಚು ಅವನ ಮನೆಗೆ ಸೇರಬೇಕು, ಸರ್ಟಿಫಿಕೇಟ್ ಅವನ ಕೈಗೆ ಬರಬೇಕು. ನಮ್ಮಿಂದ ಬರೆಸಿಕೊಂಡ ತಪ್ಪೊಪ್ಪಿಗೆ ವಾಪಸ್ ಕೊಡಬೇಕು.

ಮುಂದಿನ ಬೇಸಿಗೆಗೆ ನಮ್ಮ ಕಾಲೇಜಿನ ಕಿರಿಯರು ಹೋಗುತ್ತಾರೆ. ಅವರು ಹೋಗುವ ಮುಂಚೆ ಆದೇಶ ಆಗಲಿ. ಆದೇಶ ಪತ್ರ ಇಲ್ಲದೆ ಹೋಗಬೇಡಿ ಅಂತ ನಾನಂತೂ ಅವರಿಗೆ ಈಗಲೇ ಹೇಳಿದ್ದೇನೆ.

ಇತಿ,
ಹೊಸನಗರ ತಾಲ್ಲೂಕಿನ ಒಬ್ಬ ಬಿ.ಎ. ವಿದ್ಯಾರ್ಥಿನಿ