ಈ ವಾರ ಟಿ. ರೆಕ್ಸ್: ಆಲ್ಬಂ ಪೂರ್ತಿ ಕೇಳಿ

ಎಲ್ಲರಿಗೂ ನಮಸ್ಕಾರ. ಈ ವಾರ ಬ್ರಿಟನ್ನಿನ ರಾಕ್ ಬ್ಯಾಂಡ್ ಟಿ. ರೆಕ್ಸ್ ಕೇಳೋಣ ಅಂದುಕೊಂಡಿದ್ದೇವಲ್ಲ, ದಯವಿಟ್ಟು ಬರೀ ಹಿಟ್ ಹಾಡುಗಳ ಪ್ಲೇಲಿಸ್ಟ್ ಹಾಕಿಕೊಳ್ಳಬೇಡಿ.

ಮೊದಲ ಆಲ್ಬಂ ಬಂದದ್ದು 1968ರಲ್ಲಿ. ಆಗ ಹೆಸರು ಟೈರನೊಸಾರಸ್ ರೆಕ್ಸ್. ಬ್ಯಾಂಡಿನ ಗಾಯಕ ಮಾರ್ಕ್ ಬೋಲನ್ ಕೈಯಲ್ಲಿ ಅಕೂಸ್ಟಿಕ್ ಗಿಟಾರ್, ಪಕ್ಕದಲ್ಲಿ ಬೊಂಗೊ ಅನ್ನೋ ಪುಟ್ಟ ಜೋಡಿ ಡ್ರಮ್, ಅಷ್ಟೇ. 1970ರಲ್ಲಿ ಹೆಸರು ಚಿಕ್ಕದಾಯಿತು, ಸದ್ದು ದೊಡ್ಡದಾಯಿತು. ಮರುವರ್ಷ ಕಣ್ಣಿನ ಕೆಳಗೆ ಮಿನುಗು ಹಚ್ಚಿಕೊಂಡು ಬೋಲನ್ ಬಿಬಿಸಿ ಟಿವಿಯಲ್ಲಿ ಹಾಡಿದ. ಗ್ಲಾಮ್ ರಾಕ್, ಅಂದರೆ ಥಳುಕು ವೇಷದ ರಾಕ್ ಸಂಗೀತ, ಹುಟ್ಟಿದ್ದೇ ಅಲ್ಲಿ ಅಂತ ತುಂಬಾ ಜನ ಹೇಳ್ತಾರೆ.

ನೀವು ಶುರು ಮಾಡಬೇಕಾದ್ದು 1971ರ 'ಎಲೆಕ್ಟ್ರಿಕ್ ವಾರಿಯರ್' ಇಂದ. ಕಪ್ಪು ಹೊದಿಕೆ, ಅದರ ಮೇಲೆ ಬಂಗಾರದ ಗೆರೆಯಲ್ಲಿ ಬೋಲನ್. 'ಕಾಸ್ಮಿಕ್ ಡಾನ್ಸರ್' ಹಾಡನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಿ: ಗಿಟಾರ್ ಮತ್ತು ದನಿಯಿಂದ ಮೆಲ್ಲಗೆ ಶುರುವಾಗುತ್ತೆ, ಆಮೇಲೆ ನಿರ್ಮಾಪಕ ಟೋನಿ ವಿಸ್ಕಾಂಟಿಯ ಪಿಟೀಲುಗಳು ಬಂದು ಸೇರಿಕೊಳ್ಳುತ್ತವೆ, ಕೊನೆಯಲ್ಲಿ ಹಿಂದುಮುಂದಾಗಿ ತಿರುಗಿಸಿದ ಗಿಟಾರ್ ಸದ್ದು. ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ.

1972ರ 'ದಿ ಸ್ಲೈಡರ್' ಕೂಡ ಅಷ್ಟೇ ಚೆನ್ನ, ಸ್ವಲ್ಪ ಜಾಸ್ತಿ ಬೇಸರ ತುಂಬಿದ್ದು. 1973ರ 'ಟ್ಯಾಂಕ್ಸ್' ಆದಮೇಲೆ ಜನ ದೂರವಾದರು. ನಡುವಿನ ಎರಡು ಮೂರನ್ನು ಸದ್ಯಕ್ಕೆ ಬಿಡಿ. ಆದರೆ 1977ರ 'ಡ್ಯಾಂಡಿ ಇನ್ ದಿ ಅಂಡರ್‌ವರ್ಲ್ಡ್' ಬಿಡಬೇಡಿ, ಅದರಲ್ಲಿ ಮತ್ತೆ ಹಳೆಯ ಹುರುಪಿದೆ. ಅದೇ ವರ್ಷ ಸೆಪ್ಟೆಂಬರ್ 16ರಂದು ಲಂಡನ್‌ನಲ್ಲಿ ಕಾರು ಅಪಘಾತದಲ್ಲಿ ಬೋಲನ್ ಹೋಗಿಬಿಟ್ಟ. ಮೂವತ್ತು ತುಂಬಲು ಎರಡೇ ವಾರ ಬಾಕಿ ಇತ್ತು.

ಭಾನುವಾರದೊಳಗೆ ಎಲ್ಲರೂ ತಮಗೆ ಇಷ್ಟವಾದ ಒಂದು ಹಾಡನ್ನು ಇಲ್ಲೇ ಹಾಕಿ, ಯಾಕೆ ಅಂತಲೂ ಬರೆಯಿರಿ.