ಕೆಂಪು ಪೆನ್ನಿನವರಿಗೆ ಥ್ಯಾಂಕ್ಸ್

ನಿನ್ನೆ ರಾತ್ರಿ ಪುಸ್ತಕದ ಕೊನೆಯ ಪ್ರೂಫ್ ಕಳಿಸಿದೆ. ಮಾರ್ಕ್ಸ್‌ವಾದದ ಕಣ್ಣಲ್ಲಿ ವಿಜ್ಞಾನ, ಜೀವವಿಕಾಸ ಅಂತ ಒಂದು ಪುಟ್ಟ ಪುಸ್ತಕ, ಆರು ತಿಂಗಳು ಸಾಕು ಅಂದುಕೊಂಡಿದ್ದೆ. ನಾಲ್ಕು ವರ್ಷ ಹಿಡಿಯಿತು, ನಗಬೇಡಿ.

ಮೊದಲು ಫಿಸಿಕ್ಸ್ ಮೇಷ್ಟ್ರಿಗೆ. ಪ್ರಮಾಣ ಏರುತ್ತಾ ಏರುತ್ತಾ ಒಂದು ಹಂತದಲ್ಲಿ ಜಿಗಿದ ಹಾಗೆ ಗುಣವೇ ಬದಲಾಗುತ್ತದೆ ಅನ್ನೋ ಮಾರ್ಕ್ಸ್‌ವಾದದ ಮಾತಿಗೆ ಎಲ್ಲರ ಹಾಗೆ ನಾನೂ 100 ಡಿಗ್ರಿಗೆ ಕುದಿಯುವ ನೀರನ್ನೇ ತಂದಿದ್ದೆ. ಅಂಚಿನಲ್ಲಿ ಅವರ ಕೆಂಪು ಅಕ್ಷರ: "ನೀರು ಸರಿ. ಗಾಜು ಕಾಯಿಸಿದರೆ ಮೆಲ್ಲಮೆಲ್ಲಗೆ ಮೆತ್ತಗಾಗುತ್ತೆ, ಅಲ್ಲಿ ನಿನ್ನ ಜಿಗಿತ ಎಲ್ಲಪ್ಪಾ?" ಎರಡು ವಾರ ಆ ಪುಟ ಮುಟ್ಟಲಿಲ್ಲ.

ಆಮೇಲೆ ಅಕ್ಕ, ಬಯಾಲಜಿ ಪಾಠ ಮಾಡುವವಳು. ಮಂಗ ಮನುಷ್ಯನಾದದ್ದರಲ್ಲಿ ದುಡಿಮೆಯ ಪಾತ್ರದ ಬಗ್ಗೆ ಮಾರ್ಕ್ಸ್ ಜೊತೆಗಾರ ಎಂಗೆಲ್ಸ್ 1876ರಲ್ಲಿ ಒಂದು ಪ್ರಬಂಧ ಬರೆದರಲ್ಲ, ಮೊದಲು ಎದ್ದು ನಿಂತದ್ದು, ಕೈಗೆ ಬಿಡುವು ಸಿಕ್ಕಿದ್ದು, ಮಿದುಳು ಬೆಳೆದದ್ದು ಆಮೇಲೆ ಅಂತ. ಅದು ಸರಿ ಅನ್ನೋಕೆ ಸಾಕ್ಷಿಯ ಹಾಗೆ 1974ರಲ್ಲಿ ಇಥಿಯೋಪಿಯಾದಲ್ಲಿ ಲೂಸಿ ಅಂತ ಹೆಸರಿಟ್ಟ ಆದಿಮಾನವ ಬಳಗದವಳ ಪಳೆಯುಳಿಕೆ ಸಿಕ್ಕಿತು. ಸುಮಾರು 32 ಲಕ್ಷ ವರ್ಷ ಹಳೆಯ ಮೂಳೆಗಳು. ಎರಡೇ ಕಾಲಲ್ಲಿ ನಡೆಯುತ್ತಿದ್ದವಳು, ಆದರೆ ಅವಳ ಜಾತಿಯ ಮಿದುಳು ಹೆಚ್ಚುಕಮ್ಮಿ ಚಿಂಪಾಂಜಿಯದಷ್ಟೇ. ಇದನ್ನು ಬರೆದು ಕುಣಿದಾಡಿಬಿಟ್ಟಿದ್ದೆ. ಅಕ್ಕ ಓದಿ, "ದುಡಿದು ಪಳಗಿದ ಕೈಯ ಗುಣ ಮಕ್ಕಳಿಗೂ ಇಳಿಯುತ್ತೆ ಅಂತ ಅದೇ ಪ್ರಬಂಧದಲ್ಲಿದೆ. ಅದು ತಪ್ಪು ಅಂತ ಈಗ ಗೊತ್ತಲ್ಲ, ಅದನ್ಯಾಕೆ ನುಂಗಿಕೊಂಡೆ?" ಅಂದಳು. ಆ ಕಾಲಕ್ಕೆ ಡಾರ್ವಿನ್ ಕೂಡ ಹಾಗೇ ನಂಬಿದ್ದರು ಅಂತ ವಾದ ಮಾಡಿದೆ. "ಸರಿ, ಅದನ್ನೂ ಬರಿ" ಅಂದಳು, ಅಷ್ಟೇ.

ಬರೆಯೋಕೆ ಕೂತರೆ ದಾರಿ ನೇರ ಲೈಸೆಂಕೊ ಹತ್ತಿರ ಹೋಯಿತು, ಗಳಿಸಿದ ಗುಣ ಮುಂದಿನ ಪೀಳಿಗೆಗೆ ಇಳಿಯುತ್ತೆ ಅಂತ ಹಟ ಹಿಡಿದ ಸೋವಿಯತ್ ಕೃಷಿವಿಜ್ಞಾನಿ ಅವನು. ಅಲ್ಲಿಯವರೆಗೆ ಅವನಿಗೆ ನಾನು ಕೊಟ್ಟಿದ್ದು ಎರಡೇ ಪ್ಯಾರಾ, ಸುಮ್ನೆ ಮುಜುಗರದ ನೆಂಟನನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ ಹಾಗೆ. ಅವನ ಕಡೆಯವರು ತಳಿವಿಜ್ಞಾನಕ್ಕೆ ಬೂರ್ಜ್ವಾ, ಅಂದರೆ ಬಂಡವಾಳಗಾರರ ವಿಜ್ಞಾನ, ಅಂತ ಹಣೆಪಟ್ಟಿ ಕಟ್ಟಿ 1948ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಅದನ್ನು ಹೊರಗೆ ಹಾಕಿದರು. ಜಗತ್ತೆಲ್ಲ ಸುತ್ತಿ ಬೀಜ ಕೂಡಿಟ್ಟ, ಅವನನ್ನು ವಿರೋಧಿಸಿದ ತಳಿವಿಜ್ಞಾನಿ ವವಿಲೋವ್ ಅದಕ್ಕೂ ಮೊದಲೇ, 1943ರಲ್ಲಿ, ಜೈಲಲ್ಲಿ ಸತ್ತಿದ್ದರು. ಇದೀಗ ಪೂರ್ತಿ ಅಧ್ಯಾಯ.

ಅದನ್ನು ಓದಿದ ಹಳೆಯ ಸಂಗಾತಿಯೊಬ್ಬರು ಮೂರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಅಮೆರಿಕದ ಮಾರ್ಕ್ಸ್‌ವಾದಿ ಜೀವವಿಜ್ಞಾನಿಗಳಾದ ಲೆವಿನ್ಸ್ ಮತ್ತು ಲೆವಾಂಟಿನ್ 1985ರಲ್ಲಿ ತಂದ ಪುಸ್ತಕ ಹಿಡಿದುಕೊಂಡು ಬಂದರು. "ಲೈಸೆಂಕೊನನ್ನು ಬೈಯೋದಾದರೆ ಇವರ ಹಾಗೆ ಬೈ, ಕಾರಣ ಹುಡುಕಿ ಬೈ." ಜೀವಿ ಪರಿಸರಕ್ಕೆ ಹೊಂದಿಕೊಳ್ಳೋದಷ್ಟೇ ಅಲ್ಲ, ಎರೆಹುಳು ಮಣ್ಣನ್ನು ಮಾಡಿಕೊಳ್ಳುವ ಹಾಗೆ ತನ್ನ ಪರಿಸರವನ್ನು ತಾನೇ ಕಟ್ಟುತ್ತೆ ಅನ್ನೋದು ನನಗೆ ತಲೆಗೆ ಹತ್ತಿದ್ದು ಅಲ್ಲಿಂದ. ಈಗ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗವೇ ಅದು. ಸಂಗಾತಿ, ನಿಮಗೆ ದೊಡ್ಡ ಥ್ಯಾಂಕ್ಸ್.

ಮೇಷ್ಟ್ರೇ, ಗಾಜು 41ನೇ ಪುಟದಲ್ಲಿದೆ. ನೀರನ್ನೂ ಬಿಟ್ಟಿಲ್ಲ.